ತಕಿಟ ತಕಿಟ ತಕ ತಕ ತಕ: ಬ್ಯಾರನ್ ಮುಂದೆ ಕೂತು ಫ್ಲಮೆಂಕೊ ಕಲಿಯುವುದು

ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಪಿರಿಯಾಪಟ್ಟಣದ ಸುತ್ತಿನ ಹಳ್ಳಿಗಳಿಗೆ ರಾತ್ರಿ ನಿದ್ದೆಯಿಲ್ಲ. ಬ್ಯಾರನ್ನಿಗೆ, ಅಂದರೆ ಬೇಯಿಸುವ ಮನೆಗೆ, ಸೊಪ್ಪು ತುಂಬಿದ ಮೇಲೆ ಐದಾರು ದಿನ ಬೆಂಕಿ ಆರಬಾರದು, ಹದ ಮೀರಿ ಏರಲೂಬಾರದು. ಥರ್ಮಾಮೀಟರ್ ನೋಡಿಕೊಂಡು, ಸೌದೆ ಒಟ್ಟಿಕೊಂಡು ಯಾರಾದರೊಬ್ಬರು ಕೂತಿರಲೇಬೇಕು. ಅಂಥ ಒಂದು ರಾತ್ರಿ ಮೊಬೈಲಿನಲ್ಲಿ ಗಿಟಾರ್ ಹಾಕಿಕೊಂಡು ಕೂತಿದ್ದೆ. ಸ್ಪೇನ್ ದೇಶದ ವಿಸೆಂತೆ ಅಮೀಗೊ ನುಡಿಸಿದ, ಬುಲೇರಿಯಾಸ್ ಎಂಬ ಫ್ಲಮೆಂಕೊ ಪ್ರಕಾರ. ಪಕ್ಕದ ಬ್ಯಾರನ್ ಕಾಯುತ್ತಿದ್ದ ದೊಡ್ಡಪ್ಪ ಬೀಡಿ ಹಚ್ಚಲು ಕೊಳ್ಳಿ ಕೇಳಿಕೊಂಡು ಬಂದವರು ಅಲ್ಲೇ ಕುಕ್ಕರಗಾಲಲ್ಲಿ ಕೂತರು. ಪ್ರಾಯದಲ್ಲಿ ತಮಟೆ ಹೊಡೆದ ಕೈ ಅವರದು. ಎರಡು ನಿಮಿಷ ಕೇಳಿ, “ಇವ್ನು ಎಲ್ಲೋ ಒಂದ್ ಏಟು ನುಂಗ್ತಾವ್ನೆ ಕಣ್ ಮಗ” ಅಂದರು.

“ಇಲ್ಲ ದೊಡ್ಡಪ್ಪ, ಹನ್ನೆರಡು ಏಟಿನ ಲೆಕ್ಕ ಅದು” ಅಂದೆ.

“ಇನ್ನೊಂದ್ ದಪ ಹಾಕು.”

ನಾಲ್ಕನೇ ಸಲ ಹಾಕುವ ಹೊತ್ತಿಗೆ ಖಾಲಿ ಡೀಸೆಲ್ ಕ್ಯಾನಿನ ಮೇಲೆ ಸೌದೆ ಸಿಬಿರು ಹಿಡಿದ ಅವರ ಕೈ ಓಡುತ್ತಿತ್ತು: ಮೂರು, ಮೂರು, ಎರಡು, ಎರಡು, ಎರಡು. ಗಿಟಾರ್ ಕೊಂಡು ಒಂದೂವರೆ ವರ್ಷ ಬೆರಳು ಸವೆಸಿದ ನನಗೆ ಕಾಣದೇ ಇದ್ದದ್ದು ಅವರಿಗೆ ಒಂದು ಬೀಡಿ ಮುಗಿಯುವಷ್ಟರಲ್ಲಿ ಕಂಡಿತ್ತು.

ಈ ಲೇಖನ ಬರೆಯಲು ಆ ರಾತ್ರಿಯೇ ಕಾರಣ. ಫ್ಲಮೆಂಕೊ ಗಿಟಾರ್ ಎಂದರೆ ಬೆರಳಿನ ವೇಗ ಎಂದುಕೊಂಡು ಹೊರಡುವವರೇ ಹೆಚ್ಚು. ನಾನೂ ಹಾಗೇ ಹೊರಟವನು. ಅದರ ಬಾಗಿಲು ಇರುವುದು ತಾಳದಲ್ಲಿ. ತಮಟೆ, ಕಂಸಾಳೆ, ಕೋಲಾಟ ಕೇಳಿ ಬೆಳೆದ ನಮ್ಮ ಕಡೆಯವರಿಗೆ ಆ ಬಾಗಿಲು ಅರ್ಧ ತೆರೆದೇ ಇದೆ.

ಯಾರಿಂದ ಶುರುಮಾಡುವುದು?

ಫ್ಲಮೆಂಕೊ ಕೇಳದವರೂ ಕೇಳಿರಬಹುದಾದ ಹೆಸರು ಪಾಕೊ ದೆ ಲೂಸಿಯಾ (1947–2014). 1973ರ ಅವರ ‘ಎಂತ್ರೆ ದೋಸ್ ಆಗ್ವಾಸ್’ ಎಂಬ ರುಂಬಾ ಇಂದಿಗೂ ಹೊಸಬರ ಮೊದಲ ಮೆಟ್ಟಿಲು. ಪೆರು ದೇಶಕ್ಕೆ ಹೋದಾಗ ಕಂಡ ಕಹೋನ್ ಎಂಬ ಮರದ ಪೆಟ್ಟಿಗೆಯನ್ನು 1970ರ ದಶಕದ ಕೊನೆಗೆ ಫ್ಲಮೆಂಕೊಕ್ಕೆ ತಂದವರೂ ಅವರೇ. ಈಗ ಅದು ಅಲ್ಲೇ ಹುಟ್ಟಿದ್ದೇನೋ ಎಂಬಂತೆ ಪ್ರತಿ ವೇದಿಕೆಯ ಮೇಲೂ ಇರುತ್ತದೆ. ದೊಡ್ಡಪ್ಪನ ಡೀಸೆಲ್ ಕ್ಯಾನ್ ನೋಡಿದ್ದರೆ ಪಾಕೊ ಅದನ್ನೂ ಎತ್ತಿಕೊಂಡು ಹೋಗುತ್ತಿದ್ದರೋ ಏನೋ.

ಆದರೆ ಈಗಿನವರನ್ನು ಹಿಡಿದು ಕಲಿಯಬೇಕೆನ್ನುವವರಿಗೆ ನಾನು ಹೇಳುವುದು ವಿಸೆಂತೆ ಅಮೀಗೊ ಅವರ ಹೆಸರು. 1967ರಲ್ಲಿ ಸೆವಿಲ್ ಪ್ರಾಂತ್ಯದ ಗ್ವಾದಲ್ಕನಾಲ್ ಎಂಬಲ್ಲಿ ಹುಟ್ಟಿ, ಕೊರ್ದೊಬಾ ನಗರದಲ್ಲಿ ಬೆಳೆದವರು. ಮೊದಲ ಗುರುಗಳಿಬ್ಬರೂ ಕೊರ್ದೊಬಾದವರು. ಒಬ್ಬರ ಅಡ್ಡಹೆಸರು ಟೊಮೇಟೊ, ಇನ್ನೊಬ್ಬರದು ಮೊಟ್ಟೆಯ ಬಿಳಿಯಲ್ಲಿ ಮಾಡುವ ಒಂದು ಸಿಹಿತಿಂಡಿಯದು. ಹೀಗೆ ಅಡ್ಡಹೆಸರಿನಲ್ಲೇ ಕರೆಯುವುದು ನಮ್ಮ ಹಳ್ಳಿಗಳಂತೆ ಅಲ್ಲೂ ಇದೆ. ಆಮೇಲೆ ಸುಮಾರು ಐದು ವರ್ಷ ಮನೋಲೊ ಸಾನ್‌ಲೂಕಾರ್ ಎಂಬ ಹಿರಿಯರ ಬಳಿ ಪಳಗಿದರು. ಸ್ವಂತ ಮೊದಲ ಆಲ್ಬಮ್ ಬಂದದ್ದು 1991ರಲ್ಲಿ. 2000ದ ‘ಸಿಯುದಾದ್ ದೆ ಲಾಸ್ ಇದೇಯಾಸ್’ ಮತ್ತು 2017ರ ‘ಮೆಮೋರಿಯಾ ದೆ ಲೋಸ್ ಸೆಂತೀದೋಸ್’ ಎರಡಕ್ಕೂ ಲ್ಯಾಟಿನ್ ಗ್ರ್ಯಾಮಿ ಸಿಕ್ಕಿದೆ.

ಪ್ರಶಸ್ತಿಗಿಂತ ಗಮನಿಸಬೇಕಾದದ್ದು ಬೇರೆ. ತಮ್ಮ ಆಲ್ಬಮ್ ಬರುವ ಮುಂಚಿನ ವರ್ಷ ಅಮೀಗೊ ಎಲ್ ಪೆಲೆ ಎಂಬ ಗಾಯಕರ ಪಕ್ಕ ಕೂತು ಒಂದು ಇಡೀ ಆಲ್ಬಮ್ ನುಡಿಸಿದ್ದರು. ಹೆಸರು ಬಂದ ಮೇಲೂ ರೆಮೆದಿಯೋಸ್ ಅಮಾಯಾ, ಹೊಸೆ ಮೆರ್ಸೆ ಮುಂತಾದ ಗಾಯಕರ ಆಲ್ಬಮ್‌ಗಳನ್ನು ತಾವೇ ನಿಂತು ಮಾಡಿಸಿದರು. ಫ್ಲಮೆಂಕೊದಲ್ಲಿ ಮೊದಲ ಮಣೆ ಹಾಡುಗಾರಿಕೆಗೆ, ಆಮೇಲೆ ಕುಣಿತಕ್ಕೆ. ಗಿಟಾರ್ ಹುಟ್ಟಿನಿಂದ ಹಿಮ್ಮೇಳದ ವಾದ್ಯ. ನೀಲಗಾರರು ಮಂಟೇಸ್ವಾಮಿಯ ಕಥೆ ಹಾಡುವಾಗ ತಂಬೂರಿಯೂ ಡಗ್ಗವೂ ಹಾಡಿನ ಉಸಿರು ನೋಡಿಕೊಂಡೇ ನಡೆಯುತ್ತವಲ್ಲ, ಹಾಗೆ. ಹಾಡುಗಾರ ಉಸಿರೆಳೆದುಕೊಳ್ಳುವ ಬಿಡುವಿನಲ್ಲಿ ಗಿಟಾರಿನವನು ಒಂದು ಚಿಕ್ಕ ನುಡಿಸಾಣಿಕೆ ಇಟ್ಟು ಹಿಂದೆ ಸರಿಯುತ್ತಾನೆ. ಅದಕ್ಕೆ ಫಲ್ಸೇತಾ ಎಂದು ಹೆಸರು. ಅಮೀಗೊ ಒಬ್ಬರೇ ನುಡಿಸುವಾಗಲೂ ಎದುರಲ್ಲಿ ಯಾರೋ ಹಾಡುಗಾರ ಕೂತಿದ್ದಾನೆ ಎಂಬಂತೆ ಜಾಗ ಬಿಟ್ಟು ನುಡಿಸುತ್ತಾರೆ. ಕೇಳುವಾಗ ಆ ಜಾಗಗಳನ್ನು ಹುಡುಕಿ.

ಒಂದು ಕ್ರಮ ಹೇಳುತ್ತೇನೆ. ಇಲ್ಲಿಂದ ಮೈಸೂರು ಸುಮಾರು 70 ಕಿಲೋಮೀಟರ್; ಹುಣಸೂರು ದಾಟಿ ಬಸ್ಸು ಮೈಸೂರು ಮುಟ್ಟುವುದರೊಳಗೆ ಒಂದು ಆಲ್ಬಮ್ ಪೂರ್ತಿ ಕೇಳಬಹುದು. ಹೋಗುವಾಗ ಚಪ್ಪಾಳೆಯ ಮೇಲೆ ಮಾತ್ರ ಕಿವಿಯಿಡಿ, ಗಿಟಾರ್ ಇದೆ ಎನ್ನುವುದನ್ನೇ ಮರೆತುಬಿಡಿ. ಬರುವಾಗ ಅದೇ ಆಲ್ಬಮ್, ಈಗ ಗಿಟಾರು. ಹೊಸ ಆಲ್ಬಮ್ ಮುಂದಿನ ವಾರಕ್ಕಿರಲಿ. ಒಂದೇ ದಿನ ಇಪ್ಪತ್ತು ಕಲಾವಿದರನ್ನು ಕೇಳಿದರೆ ಇಪ್ಪತ್ತೂ ಒಂದೇ ಥರ ಕೇಳಿಸುತ್ತದೆ. ಗಿಟಾರ್ ಗೊತ್ತಿಲ್ಲದವರ ಮಟ್ಟಿಗಲ್ಲ, ಗೊತ್ತಿದ್ದವರ ಮಟ್ಟಿಗೇ ಹೇಳುತ್ತಿದ್ದೇನೆ.

ಒಂದೇ ಬಳೆ, ಹಿಡಿಯುವ ಜಾಗ ಬೇರೆ

ಈಗ ತಾಳ. ಅವರ ಮಾತಿನಲ್ಲಿ ಕೊಂಪಾಸ್. ಗಡಿಯಾರದ ಮುಖ ನೆನಪಿಗೆ ತಂದುಕೊಳ್ಳಿ. ಬುಲೇರಿಯಾಸ್‌ನ ಲೆಕ್ಕ ಹನ್ನೆರಡರಿಂದ ಶುರು: ಹನ್ನೆರಡು, ಒಂದು, ಎರಡು, ಮೂರು… ಹೀಗೆ ಹನ್ನೊಂದರವರೆಗೆ. ಗಟ್ಟಿ ಏಟು ಬೀಳುವುದು 12, 3, 6, 8, 10ರ ಮೇಲೆ. ಈ ಅಂಕಿಗಳನ್ನು ಬಾಯಿಪಾಠ ಮಾಡಲು ಹೋಗಿ ನಾನು ತಿಂಗಳುಗಟ್ಟಲೆ ಒದ್ದಾಡಿದೆ. ನಮ್ಮ ಸೊಲ್ಲಿನಲ್ಲಿ ಹೇಳಿದರೆ ಒಂದು ನಿಮಿಷದ ಕೆಲಸ:

ತಕಿಟ ತಕಿಟ ತಕ ತಕ ತಕ.

ಪ್ರತಿ ಸೊಲ್ಲಿನ ಮೊದಲ ‘ತ’ಗೆ ಚಪ್ಪಾಳೆ. ಐದು ಚಪ್ಪಾಳೆ, ಹನ್ನೆರಡು ಅಕ್ಷರ. ಸಂಗೀತದ ಪಾಠ ಆದವರಿಗೆ ಮಿಶ್ರಚಾಪಿನ ಮೂರು-ಎರಡು-ಎರಡು ಇದರ ಹೊಟ್ಟೆಯಲ್ಲೇ ಕಾಣುತ್ತದೆ. ಕೊಟ್ಟಿಗೆಯಲ್ಲಿ ಹಾಲು ಕರೆಯುವಾಗ, ಸೊಪ್ಪು ಕಟ್ಟುವಾಗ, ಬಸ್ಸಿಗೆ ಕಾಯುವಾಗ ಬಾಯಲ್ಲಿ ಹೇಳಿಕೊಳ್ಳುತ್ತಿರಿ. ಎರಡು ವಾರದಲ್ಲಿ ಅದು ಎಣಿಕೆಯಾಗಿ ಉಳಿಯುವುದಿಲ್ಲ, ನಡಿಗೆಯಾಗುತ್ತದೆ.

ಇದಾದ ಮೇಲೆ ನಿಜವಾದ ಮಜಾ. ಫ್ಲಮೆಂಕೊದಲ್ಲಿ ಹತ್ತಾರು ಪ್ರಕಾರಗಳಿವೆ; ಒಂದೊಂದಕ್ಕೂ ಅದರದೇ ಭಾವ, ಅದರದೇ ನಡೆ. ಸೊಲೆಯಾ ಎಂಬ ಗಂಭೀರ, ನಿಧಾನದ ಪ್ರಕಾರಕ್ಕೂ ಗಟ್ಟಿ ಏಟು ಅವೇ ಐದು; ಆದರೆ ಅಲ್ಲಿ ಲೆಕ್ಕ ಶುರುವಾಗುವುದು ಹನ್ನೆರಡರಿಂದಲ್ಲ, ಒಂದರಿಂದ. ಅಂದರೆ ‘ತ’ ಬಿಟ್ಟು ‘ಕಿಟ’ದಿಂದ ಎತ್ತಿಕೊಂಡಂತೆ. ನಮ್ಮವರು ಎಡುಪು ಎನ್ನುವುದು ಇದನ್ನೇ. ಇನ್ನು ಎದೆ ಕಲಕುವ ಸೆಗಿರಿಯಾಕ್ಕೆ ಬನ್ನಿ: ತಕ ತಕ ತಕಿಟ ತಕಿಟ ತಕ. ಮೂರೂ ಒಂದೇ ಬಳೆ. ಹಿಡಿಯುವ ಜಾಗ ಮಾತ್ರ ಬೇರೆ. ಇದು ಹೊಳೆದ ದಿನ ನಾನು ಸಿಡಿಲು ಮಲ್ಲಿಕಾರ್ಜುನನ ಬೆಟ್ಟ ಹತ್ತುತ್ತಿದ್ದೆ. ಬೆಟ್ಟದಪುರದ ಆ ಮೆಟ್ಟಿಲುಗಳನ್ನು ಮೂರು-ಮೂರು-ಎರಡು-ಎರಡು-ಎರಡರ ಲೆಕ್ಕದಲ್ಲಿ ಹತ್ತಿ, ಇಳಿಯುವಾಗ ಸೆಗಿರಿಯಾ ಹಿಡಿದೆ. ಜತೆಗಿದ್ದವರು ಇವನಿಗೆ ಕಾಲು ಉಳುಕಿರಬೇಕು ಅಂದುಕೊಂಡರು.

ಒಂದು ಎಚ್ಚರಿಕೆ. ಬುಲೇರಿಯಾಸ್ ಆಗಲಿ ಸೊಲೆಯಾ ಆಗಲಿ, ಮಾತು ಮುಗಿಯುವುದು ಹತ್ತರ ಮೇಲೆ. ನಾವು ಮುಕ್ತಾಯವನ್ನು ಸಮಕ್ಕೆ ತಂದು ಇಳಿಸಿ ರೂಢಿಯಾದವರು. ಅಲ್ಲಿ ಹತ್ತಕ್ಕೆ ನಿಂತು ಹನ್ನೊಂದನ್ನು ಖಾಲಿ ಬಿಡುತ್ತಾರೆ. ದೊಡ್ಡಪ್ಪನಿಗೆ ‘ನುಂಗಿದ ಏಟು’ ಅನ್ನಿಸಿದ್ದು ಇದೇ. ಅಮೀಗೊ ಆ ಖಾಲಿಯಲ್ಲಿ ಏನು ಮಾಡುತ್ತಾರೆ ನೋಡಿ: ಎಷ್ಟೋ ಸಲ ಏನೂ ಮಾಡುವುದಿಲ್ಲ.

ಹನ್ನೆರಡು ತೀರಾ ಕಷ್ಟವಾದರೆ ತಾಂಗೋಸ್ ಮತ್ತು ರುಂಬಾ ಇವೆ. ತಕಧಿಮಿ ಸಾಕು. ತಾಂಗೋಸ್‌ನಲ್ಲಿ ಮೊದಲ ಏಟನ್ನು ಮನಸ್ಸಲ್ಲೇ ಇಟ್ಟುಕೊಂಡು ಉಳಿದ ಮೂರಕ್ಕೆ ಚಪ್ಪಾಳೆ ತಟ್ಟಿ ನೋಡಿ. ಚಪ್ಪಾಳೆಯಲ್ಲೂ ಎರಡು ಬಗೆ: ಅಂಗೈ ಗುಳಿ ಮಾಡಿ ಮಂದವಾಗಿ ತಟ್ಟುವುದು, ಮೂರು ಬೆರಳನ್ನು ಇನ್ನೊಂದು ಅಂಗೈಗೆ ಬಡಿದು ಚಟ್ಟನೆ ಸದ್ದು ಹೊರಡಿಸುವುದು. ಹಾಡು ಮೆಲ್ಲಗಿದ್ದಾಗ ಮೊದಲನೆಯದು, ಬಿಸಿಯೇರಿದಾಗ ಎರಡನೆಯದು.

ಮ ಗ ರಿ ಸ

ಸ್ವರದ ಮಾತನ್ನು ಚಿಕ್ಕದಾಗಿ ಮುಗಿಸುತ್ತೇನೆ. ಗಿಟಾರಿನಲ್ಲಿ ಎ ಮೈನರ್, ಜಿ, ಎಫ್, ಇ ಎಂಬ ನಾಲ್ಕು ಕಾರ್ಡುಗಳನ್ನು ಒಂದರ ಹಿಂದೊಂದು ಹಿಡಿಯಿರಿ. ಫ್ಲಮೆಂಕೊದ ವಾಸನೆ ತಟ್ಟನೆ ಬರುತ್ತದೆ. ಕೊನೆಯ ಇ ಸ್ವರವನ್ನು ಷಡ್ಜ ಮಾಡಿಕೊಂಡರೆ ಈ ಇಳಿಕೆ ನಮ್ಮ ಮ ಗ ರಿ ಸ: ಶುದ್ಧ ಮಧ್ಯಮ, ಸಾಧಾರಣ ಗಾಂಧಾರ, ಶುದ್ಧ ರಿಷಭ, ಷಡ್ಜ. ಮೇಳದ ಲೆಕ್ಕದಲ್ಲಿ ಹನುಮತೋಡಿಯ ಸ್ವರಗಳು. ಆದರೆ ಕೊನೆಯ ಇ ಮೇಜರ್ ಕಾರ್ಡಿನೊಳಗೆ ಅಂತರ ಗಾಂಧಾರ ಕೂತಿದೆ, ಅಲ್ಲಿಗೆ ಅದು ವಕುಳಾಭರಣದ ಕಡೆ ವಾಲುತ್ತದೆ. ಇಳಿಯುವಾಗ ಒಂದು ಗಾಂಧಾರ, ನಿಲ್ಲುವಾಗ ಇನ್ನೊಂದು. ಫ್ಲಮೆಂಕೊದ ಆ ಹುಳಿಸಿಹಿ ಇರುವುದೇ ಈ ಎರಡರ ತಿಕ್ಕಾಟದಲ್ಲಿ.

ಹಾಗೆಂದು ‘ಅರೆ, ಇದು ನಮ್ಮ ತೋಡಿ!’ ಎಂದು ಕುಣಿಯಬೇಡಿ. ತೋಡಿ ಇರುವುದು ಗಮಕದಲ್ಲಿ, ಬರೀ ಸ್ವರಸ್ಥಾನದಲ್ಲಲ್ಲ. ಕಿವಿಗೆ ಇದು ದೇವರನಾಮಗಳಲ್ಲಿ ಕೇಳಿ ರೂಢಿಯಾದ ಸಿಂಧುಭೈರವಿಗೆ ಹೆಚ್ಚು ಹತ್ತಿರ. ಸ್ಪೇನಿನ ಜಿಪ್ಸಿ ಜನರ ಪೂರ್ವಿಕರು ಸಾವಿರ ವರ್ಷದಷ್ಟು ಹಿಂದೆ ವಾಯವ್ಯ ಭಾರತದಿಂದ ಹೊರಟವರು ಎನ್ನುವುದನ್ನು ಅವರ ಭಾಷೆಯೇ ಹೇಳುತ್ತದೆ, ನಿಜ. ಆದರೆ ಫ್ಲಮೆಂಕೊ ರೂಪುಗೊಂಡದ್ದು ಆಂದಲೂಸಿಯಾದ ಮಣ್ಣಿನಲ್ಲಿ, ಹದಿನೆಂಟು ಹತ್ತೊಂಬತ್ತನೇ ಶತಮಾನಗಳಲ್ಲಿ, ಹಲವು ಜನರ ಸಂಗೀತ ಬೆರೆತು. ನೆಂಟಸ್ತಿಕೆ ಇರಲಿ, ಹಕ್ಕುಪತ್ರ ಬೇಡ.

ಗಿಟಾರ್ ಕೊಳ್ಳುವವರಿಗೆ

ನಮ್ಮ ಕಡೆ ಅಂಗಡಿಯಲ್ಲಿ ‘ಅಕೌಸ್ಟಿಕ್ ಗಿಟಾರ್’ ಎಂದು ಕೊಡುವುದು ಹೆಚ್ಚಾಗಿ ಸ್ಟೀಲ್ ತಂತಿಯದು. ಅದು ನಮಗೆ ಬೇಡ. ‘ಕ್ಲಾಸಿಕಲ್’ ಎಂದು ಬರೆದಿರುವ, ಮೇಲುದನಿಯ ಮೂರು ತಂತಿ ನೈಲಾನ್ ಇರುವ, ಕುತ್ತಿಗೆ ಅಗಲವಾಗಿರುವ ಗಿಟಾರ್ ಕೇಳಿ. ಯಮಹಾ ಸಿ40 ಥರದ್ದು ಕಲಿಕೆಗೆ ಬೇಕಾದಷ್ಟಾಯಿತು. ಅಸಲಿ ಫ್ಲಮೆಂಕೊ ಗಿಟಾರ್ ಇನ್ನೂ ತೆಳು ಮೈಯದು. ತಂತಿಗಳು ಹಲಗೆಗೆ ಹತ್ತಿರ, ಬೆರಳಿನಿಂದ ಕುಟ್ಟುವುದಕ್ಕೆಂದು ಮುಖದ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ. ಮೊದಲ ಎರಡು ವರ್ಷ ಅದರ ಹಂಬಲ ಬೇಡ. ಕ್ಲಾಸಿಕಲ್ ಗಿಟಾರಿಗೆ ಪಾರದರ್ಶಕ ಹಾಳೆಯನ್ನು ಅಂಟಿಸಿಕೊಂಡರಾಯಿತು. ಅಂಟಿಸದೆ ಕುಟ್ಟಿದರೆ ಪಾಲಿಶ್ ಹೋಗಿ ಮರ ಗುಳಿ ಬೀಳುತ್ತದೆ.

ಇಲ್ಲಿ ನನ್ನದೊಂದು ಪೆದ್ದುತನ ಹೇಳಿಬಿಡುತ್ತೇನೆ. ಮೊದಲ ಗಿಟಾರಿನ ಒಂದು ನೈಲಾನ್ ತಂತಿ ತುಂಡಾಯಿತು. ಹತ್ತಿರದಲ್ಲಿ ಸಿಕ್ಕಿದ್ದು ಸ್ಟೀಲ್ ಸೆಟ್. ತಂತಿ ತಂತಿಯೇ ತಾನೇ ಎಂದು ಆರೂ ಬದಲಾಯಿಸಿದೆ. ಸದ್ದು ಜೋರಾಯಿತೆಂದು ಖುಷಿಯೂ ಪಟ್ಟೆ. ಒಂಬತ್ತನೇ ದಿನ ನಡುರಾತ್ರಿ ಅಟ್ಟದ ಮೇಲೆ ಫಟ್ ಅಂತ ಸದ್ದು. ಬೆಕ್ಕು ಏನೋ ಬೀಳಿಸಿತು ಅಂದುಕೊಂಡೆವು. ಬೆಳಗ್ಗೆ ನೋಡಿದರೆ ತಂತಿ ಕಟ್ಟುವ ಸೇತುವೆ ಪಟ್ಟಿ ಮುಖದ ಹಲಗೆಯ ಸಿಬಿರುಗಳನ್ನೂ ಕಿತ್ತುಕೊಂಡು ಎದ್ದು ನಿಂತಿದೆ. ಆರು ನೈಲಾನ್ ತಂತಿಗಳ ಒಟ್ಟು ಎಳೆತ 40 ಕಿಲೋ ಆಸುಪಾಸು, ಸ್ಟೀಲಿನದು 70 ಕಿಲೋಗೂ ಮೇಲೆ. ಬಡಗಿಯೊಬ್ಬರು ಅಂಟು ಹಾಕಿ ಕೂರಿಸಿಕೊಟ್ಟರು, ಆದರೆ ದನಿ ಹೋದದ್ದು ಹೋಯಿತು. ಮೈಸೂರಿಗೆ ಹೋದಾಗ ಎರಡು ಸೆಟ್ ನೈಲಾನ್ ತಂತಿ ತಂದಿಟ್ಟುಕೊಳ್ಳಿ.

ಮಳೆಗಾಲದಲ್ಲಿ ಗಿಟಾರನ್ನು ಗೋಡೆಗೆ ನೇತು ಹಾಕಬೇಡಿ. ಚೀಲದೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಬೆಚ್ಚಗಿರಲಿ ಎಂದು ಬ್ಯಾರನ್ ಪಕ್ಕ ಇಡುವುದು ಇನ್ನೂ ಕೆಟ್ಟದ್ದು. ಸೊಪ್ಪು ಒಣಗಿಸುವ ಒಣ ಕಾವು ಮರದ ಬೆಸುಗೆಯನ್ನೂ ಬಿಡಿಸುತ್ತದೆ.

ಮರದ ಮಾತು ಬಂತು. ಫ್ಲಮೆಂಕೊ ಗಿಟಾರಿನ ಹಿಂಬದಿಗೆ ಮೊದಲಿನಿಂದ ಬಳಸುತ್ತಿದ್ದದ್ದು ಸ್ಪೇನಿನ ಸೈಪ್ರೆಸ್. ಹಗುರ, ಅಗ್ಗ, ದನಿ ಚುರುಕು. ಬಣ್ಣದ ಮೇಲೆ ಅದಕ್ಕೆ ಬ್ಲಾಂಕಾ, ಅಂದರೆ ಬಿಳಿಯದು, ಎಂಬ ಹೆಸರು. ಕಪ್ಪು ಗಿಟಾರ್, ನೇಗ್ರಾ, ಮಾಡುವುದಕ್ಕೆ ಬಳಸುವ ಮರ ಯಾವುದು ಗೊತ್ತೆ? ನಮ್ಮ ಬೀಟೆ. ಬ್ರೆಜಿಲ್ ಬೀಟೆಯ ವ್ಯಾಪಾರ 1992ರಲ್ಲಿ ಅಂತಾರಾಷ್ಟ್ರೀಯವಾಗಿ ಬಂದ್ ಆದ ಮೇಲಂತೂ ಜಗತ್ತಿನ ಗಿಟಾರ್ ತಯಾರಕರು ನೆಚ್ಚಿಕೊಂಡಿರುವುದು ದಕ್ಷಿಣ ಭಾರತದ ಬೀಟೆಯನ್ನೇ. 2017ರಲ್ಲಿ ಅದಕ್ಕೂ ಕಾಗದಪತ್ರದ ಕಟ್ಟಳೆ ಬಂತು. ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು. ನಾಗರಹೊಳೆ ಕಡೆಯ ಕಾಡಿನಲ್ಲಿ ನಿಂತಿರುವ ಮರದ ಜಾತಿಯೇ ಕೊರ್ದೊಬಾದಲ್ಲಿ ಬುಲೇರಿಯಾಸ್ ನುಡಿಯುತ್ತಿರಬಹುದು. ನಮ್ಮಲ್ಲಿ ಗಿಟಾರ್ ಕೊಳ್ಳುವ ಹೆಚ್ಚಿನವರಿಗೆ ಇದು ಗೊತ್ತಿಲ್ಲ.

ಬೆರಳು, ಉಗುರು, ಮೇಷ್ಟ್ರು

ಎಡಗೈ ಎಲ್ಲ ಗಿಟಾರಿನದೂ ಒಂದೇ. ಫ್ಲಮೆಂಕೊ ಇರುವುದು ಬಲಗೈಯಲ್ಲಿ. ರಸ್ಗೆಯಾದೊ ಎಂದರೆ ಕಿರುಬೆರಳಿನಿಂದ ತೋರುಬೆರಳಿನವರೆಗೆ ಒಂದೊಂದಾಗಿ ಹೊರಗೆ ಚಿಮ್ಮಿ ತಂತಿಗಳ ಮೇಲೆ ಹರಿಸುವುದು. ಕೇರಂ ಸ್ಟ್ರೈಕರ್ ಹೊಡೆಯುವ ಚಿಮ್ಮು ಅದು, ನಾಲ್ಕು ಬೆರಳಿಗೂ ಬೇಕು. ಮೊದಲು ತೊಡೆಯ ಮೇಲೆ ಅಭ್ಯಾಸ ಮಾಡಿ. ನಾಲ್ಕು ಏಟೂ ಒಂದೇ ತೂಕದಲ್ಲಿ ಬೀಳಬೇಕು. ಕಿರುಬೆರಳು ಹಟ ಮಾಡುತ್ತದೆ, ಮಾಡಲಿ. ಪಿಕಾದೊ ಎಂದರೆ ತೋರುಬೆರಳು ನಡುಬೆರಳು ನಡೆಯುವಂತೆ ಸರದಿಯಲ್ಲಿ ಮೀಟುವುದು. ಅಲ್ಸಾಪೂವಾದಲ್ಲಿ ಹೆಬ್ಬೆರಳೊಂದೇ ಮೇಲಕ್ಕೂ ಕೆಳಕ್ಕೂ ಓಡಾಡುತ್ತದೆ.

ಮನೆಯಲ್ಲೋ ಬೀದಿಯಲ್ಲೋ ವೀಣೆ ನುಡಿಸುವವರಿದ್ದರೆ ಹೋಗಿ ಅವರ ಬಲಗೈಯನ್ನು ಹತ್ತಿರದಿಂದ ನೋಡಿ. ತೋರುಬೆರಳು ನಡುಬೆರಳು ಮೀಟುತ್ತವೆ, ಕಿರುಬೆರಳು ಪಕ್ಕದ ತಾಳದ ತಂತಿಗಳನ್ನು ತಟ್ಟಿ ಲೆಕ್ಕ ಇಡುತ್ತದೆ. ಫ್ಲಮೆಂಕೊದವನು ಉಂಗುರ ಬೆರಳಿನಿಂದ ಹಲಗೆ ಕುಟ್ಟಿ ಮಾಡುವುದೂ ಅದೇ ಕೆಲಸ. ವೀಣೆ ಶೇಷಣ್ಣನವರಿಂದ ದೊರೆಸ್ವಾಮಿ ಅಯ್ಯಂಗಾರ್ ಅವರವರೆಗೆ ಹರಿದುಬಂದ ಮೈಸೂರು ಬಾನಿಯ ವೀಣೆಯಲ್ಲಿ ತಾನ ಕೇಳಿ. ಮೃದಂಗವಿಲ್ಲದೆ ಲಯ ನಡೆಸುವುದು ಹೇಗೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ನನಗೆ ಸ್ಪೇನಿನ ಯಾವ ವಿಡಿಯೊದಲ್ಲೂ ಸಿಕ್ಕಿಲ್ಲ. ಕಾವೇರಿಯ ಆಚೆ, ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಸಂಗೀತಗಾರರ ಊರು, ಆರ್.ಕೆ. ಶ್ರೀಕಂಠನ್ ಅವರ ಮನೆತನದ ಊರದು. ಅಲ್ಲಿನ ಸಂಗೀತೋತ್ಸವಕ್ಕೆ ಒಮ್ಮೆ ಹೋಗಿ ಕೂತು ಬನ್ನಿ. ಗಿಟಾರಿಗೆ ಸಂಬಂಧವಿಲ್ಲ ಎನ್ನಬೇಡಿ. ನಮ್ಮ ತಾಲ್ಲೂಕಿನಲ್ಲೇ ಬೈಲಕುಪ್ಪೆಯ ಟಿಬೆಟಿಯನ್ ಕ್ಯಾಂಪಿನವರ ಡ್ರಾನ್ಯೆನ್ ಇದೆಯಲ್ಲ, ಉದ್ದ ಕುತ್ತಿಗೆಯ ಆ ತಂತಿವಾದ್ಯದಲ್ಲಿ ಬಲಗೈ ಕುಣಿತದ ಹೆಜ್ಜೆಗೆ ತಂತಿ ಮೀಟುವ ಚಂದವೂ ನೋಡಿ ಕಲಿಯುವಂಥದ್ದೇ.

ಉಗುರು ಬಲಗೈಗೆ ಮಾತ್ರ, ಬೆರಳ ತುದಿ ದಾಟಿ ಒಂದೆರಡು ಮಿಲಿಮೀಟರ್, ಕತ್ತರಿಸಬೇಡಿ, ಉಜ್ಜಿ. ಸೊಪ್ಪು ಕೀಳುವ ದಿನ ಅಂಟು ಕೈಗೆ ಕರ್ರಗೆ ಹತ್ತಿರುತ್ತದೆ. ಅವತ್ತು ಗಿಟಾರ್ ಮುಟ್ಟಬೇಡಿ, ಬಾಯಲ್ಲಿ ತಕಿಟ ಹೇಳಿಕೊಳ್ಳಿ.

ಫ್ಲಮೆಂಕೊ ಕಲಿಸುವ ಮೇಷ್ಟ್ರು ಹತ್ತಿರದಲ್ಲಿ ಸಿಕ್ಕದಿದ್ದರೆ ಮೊದಲ ಆರು ತಿಂಗಳು ಯಾವುದೇ ಕ್ಲಾಸಿಕಲ್ ಗಿಟಾರ್ ಮೇಷ್ಟ್ರ ಬಳಿ ಕೈ ಕೂರಿಸುವುದನ್ನು ಕಲಿಯಿರಿ. ತಪ್ಪಾಗಿ ಕೂತ ಮಣಿಕಟ್ಟನ್ನು ಯೂಟ್ಯೂಬ್ ತಿದ್ದುವುದಿಲ್ಲ. ಆಮೇಲೆ ವಿಡಿಯೊ ಉಪಯೋಗಕ್ಕೆ ಬರುತ್ತದೆ; ವೇಗವನ್ನು 0.5ಕ್ಕೆ ಇಳಿಸಿ ನೋಡಿ. ಅಮೀಗೊ ಅವರ ಫಲ್ಸೇತಾಗಳನ್ನು ಆರು ಗೆರೆಯ ಟ್ಯಾಬ್‌ನಲ್ಲಿ ಬರೆದವರು ಬಹಳ ಜನ ಇದ್ದಾರೆ. ಅದನ್ನು ತೆರೆಯುವ ಮುಂಚೆ ಕಿವಿಯಿಂದ ನಾಲ್ಕು ಸ್ವರವಾದರೂ ಹಿಡಿಯಿರಿ. ಪಾಕೊಗೆ ನೊಟೇಶನ್ ಓದಲು ಬರುತ್ತಿರಲಿಲ್ಲ.

ಎಷ್ಟು ದಿನ ಬೇಕು ಎಂದು ಕೇಳುತ್ತಾರೆ. ಬಂಟ್ವಾಳ ತಾಲ್ಲೂಕಿನ ಹುಡುಗನೊಬ್ಬ ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾಗಿ, ಆ ಪರದೇಶದ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಲು ಸುಮಾರು ಇಪ್ಪತ್ತು ವರ್ಷ ತೆಗೆದುಕೊಂಡ. ಅವರೇ ಕದ್ರಿ ಗೋಪಾಲನಾಥ್. ನಿಮಗೆ ಅಷ್ಟು ಬೇಡ. ದಿನಕ್ಕೆ ನಲವತ್ತು ನಿಮಿಷ ಬಿಡದೆ ಕೂತರೆ ವರ್ಷದೊಳಗೆ ತಾಂಗೋಸ್‌ನ ಒಂದೆರಡು ಫಲ್ಸೇತಾ, ಸೊಲೆಯಾದ ಒಂದು ಸುತ್ತು ಮರ್ಯಾದೆಯಾಗಿ ನುಡಿಸಬಹುದು. ಬುಲೇರಿಯಾಸ್‌ಗೆ ಅವಸರ ಬೇಡ.

ಮತ್ತೆ, ಮೊದಲ ತಿಂಗಳು ಗಿಟಾರ್ ಕೊಳ್ಳಲೇಬೇಡಿ. ಒಬ್ಬರು ತಕಿಟ ಹೇಳಲಿ, ಇನ್ನೊಬ್ಬರು ಚಪ್ಪಾಳೆ ತಟ್ಟಲಿ. ಅದಕ್ಕೆ ಇಬ್ಬರು ಬೇಕು. ನನಗೆ ದೊಡ್ಡಪ್ಪ ಸಿಕ್ಕಿದ್ದಾರೆ. ಈ ಸಲದ ಸೊಪ್ಪು ಬ್ಯಾರನ್ನಿಗೆ ಏರುವಾಗ ಅವರು ಬೇರೆ ಕ್ಯಾನ್ ತರುತ್ತಾರಂತೆ. ಹಳೆಯದು ಹತ್ತರ ಏಟಿನ ಕಡೆ ಜಜ್ಜಿಹೋಗಿದೆ.